ಚಿನ್ನದ ತೂಕ, ಕಣದ ಲೆಕ್ಕ

ಸೌಕಾರ್‌ಪೇಟೆಯ ಅಕ್ಕಸಾಲಿಗರ ಕೋಣೆಯಲ್ಲಿ ಗುಡಿಸಿದ ಕಸವನ್ನು ಯಾರೂ ಬೀದಿಗೆ ಚೆಲ್ಲುವುದಿಲ್ಲ. ಚೆನ್ನೈನ ಮಿಂಟ್ ಸ್ಟ್ರೀಟಿನ ಅಕ್ಕಪಕ್ಕದ ಓಣಿಗಳಲ್ಲಿ, ಸೀರೆ ಅಂಗಡಿ ಮಿಠಾಯಿ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಇಂಥ ಕೋಣೆಗಳಿವೆ. ಬಂಗಾಳದ ಕಡೆಯಿಂದ ಬಂದ ಹುಡುಗರು ಗಿಡ್ಡ ಮೇಜುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ಅರದಿಂದ ಉಜ್ಜಿದಾಗ ಉದುರುವ ಪುಡಿ ಬೀಳಲೆಂದು ಕೆಳಗೊಂದು ತಟ್ಟೆ. ಸಂಜೆ ಕೈ ತೊಳೆದ ನೀರು ಮೋರಿಗೆ ಹೋಗದೆ ತೊಟ್ಟಿಗೆ ಹೋಗುತ್ತದೆ. ಒರೆಸಿದ ಬಟ್ಟೆ, ಸವೆದ ಕುಂಚ, ನೆಲದ ಧೂಳು ಎಲ್ಲವನ್ನೂ ಕೂಡಿಟ್ಟು, ಒಂದು ದಿನ ಸುಟ್ಟು, ಬೂದಿಯನ್ನು ತೊಳೆದು ಚಿನ್ನ ತೆಗೆಯುತ್ತಾರೆ. ಈ ಕೆಲಸ ಮಾಡುವವನಿಗೆ ಕನ್ನಡದಲ್ಲಿ ಒಂದು ಹಳೆಯ ಹೆಸರಿದೆ: ಜಲಗಾರ. ಬೂದಿ ಮಣ್ಣು ಜಾಲಿಸಿ ಹೊನ್ನು ಹುಡುಕುವವನು ಎಂದು ಅದರ ಅರ್ಥ.

ಪೇಟೆಯ ಹೆಸರಿನಲ್ಲಿರುವ ಸೌಕಾರ ನಮ್ಮ ಸಾಹುಕಾರನೇ. ಮಾರವಾಡಿ, ಗುಜರಾತಿ ವರ್ತಕರು ಇಲ್ಲಿ ನೆಲೆನಿಂತು ತಲೆಮಾರುಗಳೇ ಕಳೆದಿವೆ. ಮಿಂಟ್ ಸ್ಟ್ರೀಟಿಗೆ ಆ ಹೆಸರು ಬಂದದ್ದು ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಚ್ಚು ಹಾಕುತ್ತಿದ್ದುದರಿಂದ. ತಮಿಳರು ಅದನ್ನು ತಂಗಸಾಲೈ ಬೀದಿ ಎನ್ನುತ್ತಾರೆ, ಕನ್ನಡದ ಕಿವಿಗೆ ಅದು ಟಂಕಸಾಲೆ ಎಂದೇ ಕೇಳಿಸುತ್ತದೆ. ಇಲ್ಲಿಯ ವ್ಯವಹಾರವೆಲ್ಲ ನಿಂತಿರುವುದು ತೂಕದ ಮೇಲೆ. ಬೆಳಿಗ್ಗೆ ಇಷ್ಟು ಗ್ರಾಂ ಎಂದು ತೂಗಿ ಕೊಟ್ಟ ಚಿನ್ನ ಸಂಜೆ ಒಡವೆಯಾಗಿ, ತುಂಡಾಗಿ, ಪುಡಿಯಾಗಿ ತಕ್ಕಡಿಗೆ ಮರಳಬೇಕು. ಉಳಿದದ್ದು ಸವಕಳಿ. ಆ ಸವಕಳಿಗೂ ಒಂದು ಮಿತಿ ಉಂಟು, ಅದನ್ನು ದಾಟಿದರೆ ಮಾತು ಬೆಳೆಯುತ್ತದೆ. ಕೊಟ್ಟದ್ದೆಷ್ಟು, ಮುಟ್ಟಿದ್ದೆಷ್ಟು, ಬಂದದ್ದೆಷ್ಟು ಎಂಬ ಈ ಲೆಕ್ಕವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ದೇಹದೊಳಕ್ಕೆ ಚಿನ್ನದ ಕಣಗಳನ್ನು ಕಳಿಸಿ ರೋಗದ ಚಿತ್ರ ತೆಗೆಯುವ ವಿಜ್ಞಾನಕ್ಕೂ ಕೊನೆಗೆ ಇದೇ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಹಳೆಯ ಒಡವೆ, ಬೂದಿಯಿಂದ ಬಂದ ಪುಡಿ ಇವನ್ನೆಲ್ಲ ಅಪರಂಜಿ ಮಾಡಲು ಶುದ್ಧೀಕರಣದವರು ಅಕ್ವಾ ರೀಜಿಯಾ ಬಳಸುತ್ತಾರೆ. ನಮ್ಮ ಪಠ್ಯಪುಸ್ತಕಗಳು ಇದನ್ನು ರಾಜದ್ರವ ಎಂದು ಕರೆಯುತ್ತವೆ. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ. ಇವೆರಡರಲ್ಲಿ ಯಾವುದೊಂದನ್ನೇ ಸುರಿದರೂ ಚಿನ್ನ ಜಗ್ಗುವುದಿಲ್ಲ, ಎರಡೂ ಸೇರಿದರೆ ಕರಗುತ್ತದೆ. ಕಂದು ಹೊಗೆ ಏಳುತ್ತದೆ. ಆ ಹೊಗೆ ಶ್ವಾಸಕೋಶವನ್ನು ಸುಡುವಂಥದ್ದು, ಗಾಳಿಯಾಡದ ಕೋಣೆಗಳಲ್ಲಿ ದುಡಿಯುವವರ ಆಯುಷ್ಯ ತಿನ್ನುವಂಥದ್ದು. ಹೊಗೆ ಇಳಿದ ಮೇಲೆ ಪಾತ್ರೆಯಲ್ಲಿ ಉಳಿಯುವುದು ಅರಿಸಿನ ಬಣ್ಣದ ನೀರು. ಚಿನ್ನ ಅದರೊಳಗಿದೆ, ಪರಮಾಣು ಪರಮಾಣುವಾಗಿ ಬಿಡಿಬಿಡಿಯಾಗಿ, ಕ್ಲೋರಿನ್ನಿನ ಜೊತೆಗೂಡಿ.

ದ್ರವದಲ್ಲಿ ಇನ್ನೂ ಚಿನ್ನ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಶುದ್ಧೀಕರಣದವರ ಕೈಯಲ್ಲಿ ಸುಲಭದ ಪರೀಕ್ಷೆಯೊಂದಿದೆ. ಕಾಗದದ ಚೂರಿಗೆ ಒಂದು ಹನಿ ದ್ರವ, ಅದರ ಮೇಲೆ ತವರದ ಲವಣವಾದ ಸ್ಟ್ಯಾನಸ್ ಕ್ಲೋರೈಡಿನ ಒಂದು ಹನಿ. ಚಿನ್ನವಿದ್ದರೆ ಕಾಗದ ನೇರಳೆಗೆ ತಿರುಗುತ್ತದೆ. ಮಾಗಿದ ನೇರಳೆ ಹಣ್ಣು ತಿಂದವರ ನಾಲಗೆಯ ಬಣ್ಣ. ಹಳದಿ ಲೋಹದಿಂದ ನೇರಳೆ ಬಣ್ಣ ಎಲ್ಲಿಂದ ಬಂತು? ಕಾಗದದ ಮೇಲೆ ಚಿನ್ನದ ಪರಮಾಣುಗಳು ಗುಂಪುಗೂಡಿ ನ್ಯಾನೊಕಣಗಳಾಗಿವೆ. ಹದಿನೇಳನೆಯ ಶತಮಾನದ ಜರ್ಮನ್ ವೈದ್ಯ ಆಂಡ್ರಿಯಾಸ್ ಕ್ಯಾಸಿಯಸನ ಹೆಸರು ಹೊತ್ತ ಈ ನೇರಳೆಯಿಂದ ಯುರೋಪಿನವರು ಪಿಂಗಾಣಿಗೂ ಗಾಜಿಗೂ ಬಣ್ಣ ಕೊಟ್ಟರು. ಹೀಗೆ, ನ್ಯಾನೊ ಎಂಬ ಮಾತು ಹುಟ್ಟುವುದಕ್ಕೆ ಬಹಳ ಮೊದಲೇ ಚಿನ್ನದ ಕೆಲಸದವರು ನ್ಯಾನೊಕಣಗಳನ್ನು ಮಾಡುತ್ತಿದ್ದರು, ಬಣ್ಣ ನೋಡುತ್ತಿದ್ದರು, ಕಾಗದ ಬಿಸಾಡುತ್ತಿದ್ದರು.

1857ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಆ ಬಣ್ಣದ ಬೆನ್ನು ಹತ್ತಿದ. ಚಿನ್ನದ ದ್ರಾವಣಕ್ಕೆ ರಂಜಕ ಸೇರಿಸಿ ಮಾಣಿಕ್ಯದಂಥ ಕೆಂಪು ನೀರು ಮಾಡಿಕೊಂಡು, ಅದರೊಳಗೆ ಬೆಳಕಿನ ಕಿರಣ ಹಾಯಿಸಿ ನೋಡಿದ. ಕಣ್ಣಿಗೆ ತಿಳಿಯಾದ ನೀರು, ಆದರೆ ಕಿರಣ ಹೋದ ದಾರಿ ಮಾತ್ರ ಬೆಳಗುತ್ತದೆ. ಮನೆಯ ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಕಾಣುವ ಹಾಗೆ. ಹಾಗಾದರೆ ನೀರಿನಲ್ಲಿ ಚಿನ್ನ ಕರಗಿಲ್ಲ, ಕಾಣದಷ್ಟು ಸಣ್ಣ ಕಣಗಳಾಗಿ ತೇಲುತ್ತಿದೆ ಎಂದು ಅವನು ತೀರ್ಮಾನಿಸಿದ. ಆ ಕಣಗಳನ್ನು ಕಾಣುವ ಸೂಕ್ಷ್ಮದರ್ಶಕ ಅವನ ಕಾಲದಲ್ಲಿ ಇರಲಿಲ್ಲ. ಆದರೂ ಮಾತು ಸರಿಯಾಗಿತ್ತು.

ಇವತ್ತು ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ನಡೆಯುವುದು 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ತೋರಿಸಿಕೊಟ್ಟ ವಿಧಾನ. ಅದೇ ಅರಿಸಿನ ಬಣ್ಣದ ಚಿನ್ನದ ನೀರನ್ನು ತೆಳುಮಾಡಿ ಕುದಿಸಿ, ನಿಂಬೆಹುಳಿಯ ಲವಣವಾದ ಸೋಡಿಯಂ ಸಿಟ್ರೇಟ್ ಹಾಕುತ್ತಾರೆ. ಹಳದಿ ಮಾಯವಾಗಿ ನೀರು ಬಣ್ಣಗೆಡುತ್ತದೆ, ಬೂದು ಛಾಯೆ ಬರುತ್ತದೆ, ನೇರಳೆಯಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಕೋಕಂ ಪಾನಕದಂಥ ಕೆಂಪಿಗೆ ನಿಲ್ಲುತ್ತದೆ. ಸಿಟ್ರೇಟ್ ಎರಡು ಕೆಲಸ ಮಾಡುತ್ತದೆ. ಪರಮಾಣುಗಳನ್ನು ಒಂದುಗೂಡಿಸುತ್ತದೆ. ಕಣ ಹುಟ್ಟಿದೊಡನೆ ಅದರ ಮೈಗೆ ಅಂಟಿಕೊಂಡು ಋಣವಿದ್ಯುತ್ತಿನ ಹೊದಿಕೆಯಾಗುತ್ತದೆ, ಕಣ ಕಣವನ್ನು ದೂರ ತಳ್ಳುತ್ತದೆ. ಸೌಕಾರ್‌ಪೇಟೆಯವನಿಗೆ ಚಿನ್ನವೆಲ್ಲ ಒಟ್ಟಾಗಿ ತಳಕ್ಕೆ ಕೂರಬೇಕು, ಅವನು ಅದಕ್ಕೆ ತಕ್ಕ ಪುಡಿ ಹಾಕುತ್ತಾನೆ. ಪ್ರಯೋಗಶಾಲೆಯವನಿಗೆ ಅದು ಕೂಡಲೇಬಾರದು. ಎರಡು ಕಸುಬುಗಳೂ ಹೊರಡುವುದು ಒಂದೇ ದ್ರವದಿಂದ.

ಗಾತ್ರದ ಅಂದಾಜಿಗೆ ಒಂದು ಗುಲಗಂಜಿ ತೂಕದ ಚಿನ್ನ ತೆಗೆದುಕೊಳ್ಳೋಣ, ಸುಮಾರು 0.12 ಗ್ರಾಂ. ಅದನ್ನು 60 ನ್ಯಾನೊಮೀಟರ್ ಅಗಲದ ಗುಂಡುಗಳಾಗಿ ಒಡೆದರೆ ಸುಮಾರು 55 ಲಕ್ಷ ಕೋಟಿ ಗುಂಡುಗಳು ಸಿಗುತ್ತವೆ. ಇಂಥ ನೂರಕ್ಕೂ ಹೆಚ್ಚು ಗುಂಡುಗಳನ್ನು ಸಾಲಾಗಿಟ್ಟರೆ ನಮ್ಮ ರಕ್ತದ ಒಂದು ಕೆಂಪುಕಣದ ಅಗಲವಾಗುತ್ತದೆ. ಇನ್ನೂ ಚಿಕ್ಕದು ಮಾಡಿ, ಒಂದು ಗ್ರಾಂ ಚಿನ್ನವನ್ನು 10 ನ್ಯಾನೊಮೀಟರ್ ಗುಂಡುಗಳಾಗಿಸಿದರೆ ಅವುಗಳ ಮೈಯ ಒಟ್ಟು ವಿಸ್ತಾರ 31 ಚದರ ಮೀಟರ್. ಸೌಕಾರ್‌ಪೇಟೆಯಲ್ಲಿ ಒಂದು ಕುಟುಂಬ ಸಂಸಾರ ಮಾಡುವಷ್ಟು ಜಾಗ ಅದು. ವಿಜ್ಞಾನಿಗಳಿಗೆ ಬೇಕಾದದ್ದು ಈ ಮೈಯೇ. ಅದರ ಮೇಲೆ ಏನೇನನ್ನು ಅಂಟಿಸಬಹುದು ಎಂಬುದರಲ್ಲಿ ಮುಂದಿನ ಕತೆಯೆಲ್ಲ ಇದೆ.

ಸೌಕಾರ್‌ಪೇಟೆಯಿಂದ ವಾಲ್‌ಟ್ಯಾಕ್ಸ್ ರಸ್ತೆ ಹಿಡಿದು ನಡೆದರೆ ಸೆಂಟ್ರಲ್ ರೈಲು ನಿಲ್ದಾಣ, ಅದರೆದುರು ಸರಕಾರಿ ಜನರಲ್ ಆಸ್ಪತ್ರೆ. ಅಲ್ಲಿಯ ಬರ್ನಾರ್ಡ್ ವಿಕಿರಣ ವಿಜ್ಞಾನ ಸಂಸ್ಥೆ ಶುರುವಾದದ್ದು 1934ರಲ್ಲಿ, ಕ್ಯಾಪ್ಟನ್ ಟಿ.ಡಬ್ಲ್ಯೂ. ಬರ್ನಾರ್ಡ್ ಅವರ ಹೆಸರಿನಲ್ಲಿ. ದೇಹದ ಒಳಚಿತ್ರ ತೆಗೆಯುವುದಕ್ಕೇ ಮೀಸಲಾದ ಏಷ್ಯಾದ ಹಳೆಯ ಸಂಸ್ಥೆಗಳಲ್ಲಿ ಅದೊಂದು. ಆಗ ಇದ್ದದ್ದು ಎಕ್ಸ್-ರೇ ಮಾತ್ರ. ಈಗ ಯಾವುದೇ ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತರೆ ಬಾಗಿಲು ಬಾಗಿಲಿಗೂ ಒಂದೊಂದು ಯಂತ್ರ. ರೋಗಿಗಳು ಕಂಕುಳಲ್ಲಿ ದೊಡ್ಡ ಲಕೋಟೆಗಳನ್ನು ಇಟ್ಟುಕೊಂಡು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತಾರೆ. ಸಿ.ಟಿ. ಆಯಿತು, ಎಂ.ಆರ್.ಐ. ಬರೆದಿದ್ದಾರೆ, ಅದಾದ ಮೇಲೆ ಪೆಟ್ ಸ್ಕ್ಯಾನ್ ಅಂತೆ ಎಂಬ ಮಾತು. ಒಂದೇ ಗಂಟಿಗೆ ಇಷ್ಟೊಂದು ಚಿತ್ರ ಯಾಕೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಪ್ರತಿ ಯಂತ್ರವೂ ಕಾಣುವುದು ಬೇರೆಬೇರೆಯದನ್ನು. ಸಿ.ಟಿ. ಎಂದರೆ ಸುತ್ತಲಿಂದ ತೆಗೆದ ಎಕ್ಸ್-ರೇ. ಎಲುಬು, ರಕ್ತನಾಳ, ಶ್ವಾಸಕೋಶದ ಗಡಿರೇಖೆಗಳನ್ನು ಚುರುಕಾಗಿ ತೋರಿಸುತ್ತದೆ, ಮೆದು ಭಾಗಗಳಲ್ಲಿ ಎಡವುತ್ತದೆ. ಎಂ.ಆರ್.ಐ. ಮೈಯೊಳಗಿನ ನೀರಿನ ಹೈಡ್ರೋಜನ್ನನ್ನು ಅಯಸ್ಕಾಂತದಲ್ಲಿ ನುಡಿಸಿ ಮಿದುಳು, ಸ್ನಾಯುಗಳ ನಯವಾದ ಚಿತ್ರ ಕೊಡುತ್ತದೆ, ಆದರೆ ಅದಕ್ಕೆ ಸಮಯ ಬೇಕು, ಕಾಂಟ್ರಾಸ್ಟ್ ಔಷಧವೂ ಹೆಚ್ಚು ಪ್ರಮಾಣದಲ್ಲಿ ಬೇಕು. ಪೆಟ್ ಅತಿಸೂಕ್ಷ್ಮ. ವಿಕಿರಣ ಸೂಸುವ ಸಕ್ಕರೆಯನ್ನು ಎಳ್ಳಿನಷ್ಟು ಕೊಟ್ಟರೂ ಅದನ್ನು ಹಸಿವಿನಿಂದ ನುಂಗುವ ಜೀವಕೋಶಗಳು ಎಲ್ಲಿವೆ ಎಂದು ಹೇಳಿಬಿಡುತ್ತದೆ, ಆದರೆ ಚಿತ್ರ ಮಬ್ಬು, ಕೆಲವು ಮಿಲಿಮೀಟರ್‌ಗಿಂತ ಸಣ್ಣದು ಅದರ ಕಣ್ಣಿಗೆ ಬೀಳದು. ಬೆಳಕಿನ ಕ್ಯಾಮೆರಾ ಇವೆಲ್ಲಕ್ಕಿಂತ ಚುರುಕು, ಶಸ್ತ್ರಚಿಕಿತ್ಸೆ ನಡೆಯುವಾಗಲೇ ತೋರಿಸುತ್ತದೆ, ಆದರೆ ಬೆಳಕು ಮಾಂಸದಲ್ಲಿ ಆಳಕ್ಕೆ ಇಳಿಯುವುದಿಲ್ಲ.

ಯಂತ್ರಗಳನ್ನೇ ಜೋಡಿಸುವ ಕೆಲಸ ಆಗಲೇ ನಡೆದಿದೆ. ಡೇವಿಡ್ ಟೌನ್‌ಸೆಂಡ್ ಮತ್ತು ರಾನ್ ನಟ್ ರೂಪಿಸಿದ ಪೆಟ್-ಸಿ.ಟಿ. ಹೊಸ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆ ಬಂದು ಈಗ ಬೆಂಗಳೂರು, ಚೆನ್ನೈಗಳಲ್ಲಿ ಮಾಮೂಲಾಗಿದೆ. ಆದರೆ ಯಂತ್ರ ಜೋಡಿಸಿದ ಮಾತ್ರಕ್ಕೆ ಮುಗಿಯದ ತೊಂದರೆಯೊಂದಿದೆ. ಮಿದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಎದ್ದು ಕಾಣುತ್ತದೆ. ಹಿಂದಿನ ದಿನ ತೆಗೆದ ಎಂ.ಆರ್.ಐ. ಚಿತ್ರವನ್ನು ನಕ್ಷೆಯಾಗಿ ಇಟ್ಟುಕೊಂಡು ಸರ್ಜನ್ ತಲೆಬುರುಡೆ ತೆರೆಯುತ್ತಾರೆ. ತೆರೆದೊಡನೆ ಒಳಗಿನ ದ್ರವ ಸೋರಿ ಮಿದುಳು ಜಾಗ ಬದಲಿಸುತ್ತದೆ, ಕುಗ್ಗುತ್ತದೆ. ಊರು ಸರಿದಿದೆ, ನಕ್ಷೆ ನಿನ್ನೆಯದು. ಇತ್ತ ಗೆಡ್ಡೆಯ ಅಂಚೋ ಆರೋಗ್ಯವಂತ ಮಿದುಳಿನೊಳಕ್ಕೆ ಬೇರುಬೇರಾಗಿ ನುಗ್ಗಿರುತ್ತದೆ, ಕಣ್ಣಿಗೆ ಎರಡರ ಬಣ್ಣವೂ ಒಂದೇ. ಕಡಿಮೆ ತೆಗೆದರೆ ಗೆಡ್ಡೆ ಮರಳುತ್ತದೆ, ಹೆಚ್ಚು ತೆಗೆದರೆ ಮಾತೋ ನಡಿಗೆಯೋ ಹೋಗುತ್ತದೆ. ನಿನ್ನೆಯ ಎಂ.ಆರ್.ಐ.ಗೆ ಕಂಡದ್ದೇ ಇವತ್ತು ಸರ್ಜನ್ನರ ಕೈಯ ಕೆಳಗೂ ಕಾಣುವಂತೆ ಮಾಡಬೇಕಾದರೆ, ಎರಡೂ ಯಂತ್ರಗಳಿಗೆ ಕಾಣುವ ಒಂದೇ ಗುರುತನ್ನು ಗೆಡ್ಡೆಯ ಒಳಗೇ ನೆಡಬೇಕು. ಬಹುಚಿತ್ರಣದ ಶೋಧಕ ಕಣ ಹುಟ್ಟಿದ್ದು ಈ ಅಗತ್ಯದಿಂದ.

ಅಂಥ ಕಣಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡದ್ದು 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೋರಿಟ್ಸ್ ಕಿರ್ಷರ್, ಸಂಜೀವ್ ಗಂಭೀರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಗಂಭೀರ್ ಹುಟ್ಟಿದ್ದು ಹರಿಯಾಣದ ಅಂಬಾಲಾದಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಆ ಕಣದ ನಡುವೆ 60 ನ್ಯಾನೊಮೀಟರಿನ ಚಿನ್ನದ ಗುಂಡು. ಅದರ ಮೈಮೇಲೆ ರಾಮನ್ ಸಂಕೇತ ಕೊಡುವ ಅಣುಗಳ ತೆಳು ಲೇಪ. ಅದರ ಹೊರಗೆ 30 ನ್ಯಾನೊಮೀಟರ್ ದಪ್ಪದ ಸಿಲಿಕಾ ಕವಚ, ಅಂದರೆ ಗಾಜಿನ ಜಾತಿಯ ಪದರ. ಎಲ್ಲಕ್ಕಿಂತ ಹೊರಗೆ ಗ್ಯಾಡೊಲಿನಿಯಂ. ಅಕ್ಕಸಾಲಿ ಮಣಿಗೆ ಕವಚ ಕಟ್ಟಿದ ಹಾಗೆ ಪದರದ ಮೇಲೆ ಪದರ.

ಹೊರಗಿನ ಗ್ಯಾಡೊಲಿನಿಯಂ ಎಂ.ಆರ್.ಐ.ಗೆ. ಅದರ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನ್‌ಗಳಿವೆ, ಹಾಗಾಗಿ ಅದೊಂದು ಪುಟ್ಟ ಬಲವಾದ ಅಯಸ್ಕಾಂತ. ಪಕ್ಕದ ನೀರಿನ ಅಣುಗಳು ಬೇಗ ಸ್ಥಿತಿಗೆ ಮರಳಿ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಬಿಡಿ ಗ್ಯಾಡೊಲಿನಿಯಂ ಆದರೆ ಬಹಳ ಬೇಕು, ಒಂದೊಂದು ಕಣದ ಮೈಮೇಲೂ ಒತ್ತೊತ್ತಾಗಿ ಕೂರಿಸಿದಾಗ ಕೆಲವೇ ಕಣಗಳು ಸಾಕಾಗುತ್ತವೆ. ಮೇಲೆ ಹೇಳಿದ ಮೈವಿಸ್ತಾರದ ಲಾಭ ಇದೇ.

ನಡುವಿನ ಚಿನ್ನ ಎರಡು ಕೆಲಸಕ್ಕೆ ಬಂತು. ಮೊದಲನೆಯದು ಬೆಳಕನ್ನು ಶಬ್ದವಾಗಿಸುವುದು. ಮಿಂಚು ಹೊಡೆದಾಗ ಗುಡುಗು ಯಾಕೆ ಬರುತ್ತದೆ? ಗಾಳಿ ಕ್ಷಣಾರ್ಧದಲ್ಲಿ ಕಾದು ಹಿಗ್ಗಿ ಸುತ್ತಲಿನದನ್ನು ತಳ್ಳುತ್ತದೆ. ಲೇಸರಿನ ಅತಿಚಿಕ್ಕ ಮಿಣುಕು ಚಿನ್ನದ ಕಣಕ್ಕೆ ಬಡಿದಾಗಲೂ ಹೀಗೇ. ಚಿನ್ನದ ಕಣದಲ್ಲಿ ಎಲೆಕ್ಟ್ರಾನ್‌ಗಳು ಕೊಡದಲ್ಲಿನ ನೀರಿನ ಹಾಗೆ ಒಟ್ಟಾಗಿ ತುಳುಕುತ್ತವೆ. ತುಳುಕುವ ಲಯಕ್ಕೆ ಸರಿಹೊಂದುವ ಬಣ್ಣದ ಬೆಳಕನ್ನು ಹೀರಿಕೊಳ್ಳುತ್ತವೆ. ಪುಟ್ಟ ಗುಂಡುಗಳು ಹಸಿರನ್ನು ಹೀರಿ ನೀರನ್ನು ಕೆಂಪಾಗಿ ಕಾಣಿಸುವುದು, ಕಾಗದವನ್ನು ನೇರಳೆಯಾಗಿಸುವುದು ಇದೇ ಕಾರಣಕ್ಕೆ. ಹೀರಿದ ಬೆಳಕು ಶಾಖವಾಗುತ್ತದೆ, ಶಾಖದಿಂದ ಸುತ್ತಲಿನ ಜಾಗ ಹಿಗ್ಗುತ್ತದೆ, ಹಿಗ್ಗಿದ್ದು ಅಲೆಯಾಗಿ ಹೊರಡುತ್ತದೆ. ನಮ್ಮ ಕಿವಿಗೆ ಕೇಳದ ಆ ಗುಡುಗನ್ನು ಅಲ್ಟ್ರಾಸೌಂಡಿನ ಗ್ರಾಹಕ ಹಿಡಿಯುತ್ತದೆ. ಬೆಳಕು ಮಾಂಸದಲ್ಲಿ ಚದುರಿಹೋಗುತ್ತದೆ, ಶಬ್ದ ಅಷ್ಟು ಚದುರುವುದಿಲ್ಲ. ಆದ್ದರಿಂದ ಬರಿಯ ಬೆಳಕು ತೋರಿಸಲಾಗದ ಆಳವನ್ನು ಈ ವಿಧಾನ ತೋರಿಸುತ್ತದೆ. ಬೆಳಕಿನಿಂದ ಶಬ್ದ ಹುಟ್ಟುವುದನ್ನು 1880ರಲ್ಲೇ ಗಮನಿಸಿದವನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಎರಡನೆಯದು ರಾಮನ್ ಸಂಕೇತ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದು, ಬೆಂಗಳೂರಿನವರಾಗಿ ಬಾಳಿದ ಸಿ.ವಿ. ರಾಮನ್ ಅವರ ಪರಿಣಾಮವೇ ಇದು. ಅಣುವಿಗೆ ಬಡಿದು ಚದುರಿದ ಬೆಳಕಿನಲ್ಲಿ ಅತಿ ಸ್ವಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆ ಅಣುವಿನ ಹೆಬ್ಬೆಟ್ಟಿನ ಗುರುತು. ಆದರೆ ಕೋಟಿಗೊಂದರ ಲೆಕ್ಕದಲ್ಲಿ ಬರುವ ಸಂಕೇತವನ್ನು ಶಸ್ತ್ರಚಿಕಿತ್ಸೆಯ ನಡುವೆ ಹಿಡಿಯುವುದು ಹೇಗೆ? ಅಣುವನ್ನು ಚಿನ್ನದ ಮೈಗೆ ತಾಗಿಸಿ ಇಟ್ಟಾಗ ಸಂಕೇತ ಲಕ್ಷಗಟ್ಟಲೆ ಪಟ್ಟು ಹಿಗ್ಗುತ್ತದೆ ಎಂಬುದು 1970ರ ದಶಕದಲ್ಲಿ ತಿಳಿಯಿತು. ಹಾಗೆ ಹಿಗ್ಗಿದ ಗುರುತು ದೇಹದ ಬೇರಾವುದರ ಗುರುತಿನೊಡನೆಯೂ ಬೆರೆಯುವುದಿಲ್ಲ.

ಮಿದುಳಿನಲ್ಲಿ ಗ್ಲಯೋಬ್ಲಾಸ್ಟೋಮಾ ಗೆಡ್ಡೆಯಿದ್ದ ಇಲಿಗಳ ರಕ್ತನಾಳಕ್ಕೆ ಈ ಕಣಗಳನ್ನು ಒಂದೇ ಬಾರಿ ಚುಚ್ಚಿದರು. ಆರೋಗ್ಯವಂತ ಮಿದುಳಿನ ರಕ್ತನಾಳಗಳ ಗೋಡೆ ಭದ್ರ, ಕಣ ಒಳಹೋಗಲಾರದು. ಗೆಡ್ಡೆಯಲ್ಲಿ ಗೋಡೆ ಸಡಿಲ, ಕಣ ನುಸುಳಿತು, ಸೋರಿಹೋಗದೆ ಉಳಿಯಿತು. ಎಂ.ಆರ್.ಐ.ಯಲ್ಲಿ ಗೆಡ್ಡೆ ಎಲ್ಲಿದೆ ಎಂದು ಕಂಡರು. ಬೆಳಕು-ಶಬ್ದದಲ್ಲಿ ಅದರ ಆಳ ಅಗಲ ಕಂಡರು. ಕತ್ತರಿಸಿ ತೆಗೆದು, ಕಣ್ಣಿಗೆ ಎಲ್ಲ ಮುಗಿಯಿತು ಎನಿಸಿದ ಮೇಲೆ ರಾಮನ್ ಕ್ಯಾಮೆರಾ ಹಿಡಿದಾಗ ಅಂಚಿನಲ್ಲಿ ಇನ್ನೂ ಚುಕ್ಕೆಗಳು ಉಳಿದಿದ್ದವು. ಆ ಜಾಗದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅಲ್ಲಿ ನಿಜವಾಗಿಯೂ ಕ್ಯಾನ್ಸರ್ ಕೋಶಗಳಿದ್ದವು.

ಅದರ ಮರುವರ್ಷ ಗಂಭೀರ್ ಅವರ ಮಗನಿಗೇ ಗ್ಲಯೋಬ್ಲಾಸ್ಟೋಮಾ ಇರುವುದು ಗೊತ್ತಾಯಿತು. 2015ರಲ್ಲಿ, ಹದಿನಾರರ ವಯಸ್ಸಿನಲ್ಲಿ ಆ ಹುಡುಗ ತೀರಿಕೊಂಡ. ಗಂಭೀರ್ 2020ರಲ್ಲಿ ಕ್ಯಾನ್ಸರಿನಿಂದಲೇ ನಿಧನರಾದರು. ಈ ವಿಜ್ಞಾನವನ್ನು ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಇಲಿಯಲ್ಲಿ ಗೆದ್ದದ್ದು ಮನುಷ್ಯನ ಹಾಸಿಗೆಯ ಬಳಿಗೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಅವರಿಗಿಂತ ಹೆಚ್ಚಾಗಿ ಯಾರಿಗೆ ಗೊತ್ತಿದ್ದೀತು?

ನಮ್ಮ ಸೀಮೆಯಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯ ಪ್ರಕಾಶ್, ಅಶೋಕ್ ಎಂ. ರಾಯಚೂರ್ ಮತ್ತು ಸಂಗಡಿಗರು 2023ರಲ್ಲಿ ತಾಮ್ರದ ಸಲ್ಫೈಡ್ ಕಣದ ಮೇಲೆ ಚಿನ್ನದ ಬೀಜಗಳನ್ನು ಕೂರಿಸಿದ ಮಿಶ್ರ ಕಣವನ್ನು ಪ್ರಕಟಿಸಿದರು. ಬೆಳಕು ಬಿದ್ದರೆ ಅದು ಶಬ್ದದಿಂದ ತನ್ನ ಇರವನ್ನು ತಿಳಿಸುತ್ತದೆ, ಶಾಖದಿಂದ ಕ್ಯಾನ್ಸರ್ ಕೋಶವನ್ನು ಸುಡುತ್ತದೆ. ಇದನ್ನು ಪರೀಕ್ಷಿಸಿದ್ದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಶ್ವಾಸಕೋಶ ಮತ್ತು ಗರ್ಭಕಂಠದ ಕ್ಯಾನ್ಸರ್ ಕೋಶಗಳ ಮೇಲೆ. ಅದರಲ್ಲಿ ನನಗೆ ಮುಖ್ಯವೆನಿಸಿದ್ದು ಗಾತ್ರ: 8 ನ್ಯಾನೊಮೀಟರಿಗಿಂತ ಕಡಿಮೆ. ಕಾರಣ ಮುಂದೆ ಬರುತ್ತದೆ. ಕೊಚ್ಚಿಯ ಅಮೃತಾ ಕೇಂದ್ರದಲ್ಲಿ ಶಾಂತಿಕುಮಾರ್ ನಾಯರ್, ಮನ್ಸೂರ್ ಕೋಯಕುಟ್ಟಿ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ಎಲುಬು ಹಲ್ಲುಗಳಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟನ್ನೇ ಕಣವಾಗಿ ಮಾಡಿ, ಅದರೊಳಗೆ ಗ್ಯಾಡೊಲಿನಿಯಂ, ಬೆಳಕು ಸೂಸುವ ಬಣ್ಣ, ವಿಕಿರಣದ ಟೆಕ್ನೀಷಿಯಂ ಇವನ್ನು ಸೇರಿಸಿ ಮೂರು ಯಂತ್ರಗಳಿಗೂ ಕಾಣಿಸುವಂತೆ ಮಾಡಿದರು. ದೇಹಕ್ಕೆ ಮೊದಲೇ ಪರಿಚಯವಿರುವ ಪದಾರ್ಥವನ್ನು ಆರಿಸಿಕೊಂಡದ್ದು ಜಾಣತನದ ಆಯ್ಕೆ.

ಯಾಕೆಂದರೆ ಕಣ ಒಳಹೋದ ಮೇಲೆ ಏನಾಗುತ್ತದೆ ಎಂಬುದೇ ಈ ವಿಷಯದ ನಿಜವಾದ ಒರೆಗಲ್ಲು. ರಕ್ತಕ್ಕೆ ಇಳಿದ ಕ್ಷಣದಲ್ಲೇ ಪ್ರೋಟೀನ್‌ಗಳು ಬಂದು ಕಣದ ಮೈಗೆ ಮೆತ್ತಿಕೊಳ್ಳುತ್ತವೆ. ನಾವು ಅಂಟಿಸಿ ಕಳಿಸಿದ ವಿಳಾಸದ ಚೀಟಿ ಅವುಗಳ ಕೆಳಗೆ ಮುಚ್ಚಿಹೋಗಬಹುದು. ಮೈಕಾವಲಿನ ಕೋಶಗಳು ಇದು ಹೊರಗಿನದು ಎಂದು ಗುರುತಿಸಿ ನುಂಗುತ್ತವೆ, ಯಕೃತ್ತಿಗೂ ಗುಲ್ಮಕ್ಕೂ ಕೊಂಡೊಯ್ಯುತ್ತವೆ. ಟೊರಾಂಟೊದ ವಾರನ್ ಚಾನ್ ಅವರ ತಂಡ 2016ರಲ್ಲಿ ಹಿಂದಿನ ಹತ್ತು ವರ್ಷಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿತು. ಚುಚ್ಚಿದ ಕಣಗಳಲ್ಲಿ ಗೆಡ್ಡೆಗೆ ಮುಟ್ಟಿದ್ದು ಮಧ್ಯಾಂಕದ ಲೆಕ್ಕದಲ್ಲಿ ಶೇಕಡಾ 0.7. ಸೌಕಾರ್‌ಪೇಟೆಯ ಮಾತಿನಲ್ಲಿ ಹೇಳುವುದಾದರೆ, ಬೆಳಿಗ್ಗೆ ಒಂದು ಕಿಲೋ ಚಿನ್ನ ತೂಗಿ ಕೊಟ್ಟರೆ ಸಂಜೆ ಒಡವೆಯಾಗಿ ಬಂದದ್ದು 7 ಗ್ರಾಂ. ಅಂಥ ಅಕ್ಕಸಾಲಿಗೆ ಯಾವ ಸಾಹುಕಾರನೂ ಮರುದಿನ ಕೆಲಸ ಕೊಡುವುದಿಲ್ಲ. ಆ ಲೇಖನ ಬಂದ ಮೇಲೆ ಈ ಕ್ಷೇತ್ರದಲ್ಲಿ ಜೋರು ಚರ್ಚೆಯಾಯಿತು, ಲೆಕ್ಕ ಹಾಕುವ ರೀತಿಯನ್ನೇ ಕೆಲವರು ಪ್ರಶ್ನಿಸಿದರು. ನನ್ನ ಮಟ್ಟಿಗೆ, ಹೀಗೆ ಬಾಯಿಬಿಟ್ಟು ತೂಕ ಹೇಳಿದ್ದೇ ಒಳ್ಳೆಯದಾಯಿತು.

ಉಳಿದ 993 ಗ್ರಾಂ ಎಲ್ಲಿ? ಇಲ್ಲಿಯೇ ಗಾತ್ರದ ಪ್ರಶ್ನೆ ಬರುವುದು. 2007ರಲ್ಲಿ ಹಾರ್ವರ್ಡಿನ ಜಾನ್ ಫ್ರಾಂಜಿಯೋನಿ ಅವರ ತಂಡ ಇಲಿಗಳಲ್ಲಿ ತೋರಿಸಿದ ಪ್ರಕಾರ, ಪ್ರೋಟೀನಿನ ಮೆತ್ತುವಿಕೆಯನ್ನೂ ಸೇರಿಸಿ ಕಣದ ಅಗಲ ಸುಮಾರು 5.5 ನ್ಯಾನೊಮೀಟರ್ ಒಳಗಿದ್ದರೆ ಮೂತ್ರಪಿಂಡದ ಜರಡಿ ಅದನ್ನು ಬೇಗ ಸೋಸಿ ಹೊರಹಾಕುತ್ತದೆ. ಅದಕ್ಕಿಂತ ದೊಡ್ಡದಾದಷ್ಟೂ ಒಳಗೇ ಉಳಿಯುವುದು ಹೆಚ್ಚು. ಚಿನ್ನ ತುಕ್ಕು ಹಿಡಿಯುವುದಿಲ್ಲ, ಕೊಳೆಯುವುದಿಲ್ಲ. ಒಡವೆಗೆ ಅದೇ ಮಹಿಮೆ, ಯಕೃತ್ತಿನಲ್ಲಿ ಕೂತ ಕಣಕ್ಕೆ ಅದೇ ದೋಷ. ತಿಂಗಳುಗಟ್ಟಲೆ ಕೂತಿರುತ್ತದೆ. ಗ್ಯಾಡೊಲಿನಿಯಂ ವಿಷಯದಲ್ಲಿ ಪಾಠ ಇನ್ನೂ ಕಹಿ. ಬಿಡಿ ಗ್ಯಾಡೊಲಿನಿಯಂ ವಿಷ, ಅದಕ್ಕಾಗಿ ಅದನ್ನು ಬೇರೊಂದು ಅಣುವಿನ ಪಂಜರದಲ್ಲಿಟ್ಟು ಕೊಡುತ್ತಾರೆ. ಸಡಿಲ ಪಂಜರದ ಔಷಧಗಳನ್ನು ಪಡೆದ ಮೂತ್ರಪಿಂಡ ಕೆಟ್ಟವರಲ್ಲಿ ಕೆಲವರಿಗೆ ಚರ್ಮ ಮತ್ತು ಒಳಾಂಗಗಳು ಬಿಗಿದು ಗಟ್ಟಿಯಾಗುವ ಕಾಯಿಲೆ ಬಂದದ್ದು 2006ರಲ್ಲಿ ಬೆಳಕಿಗೆ ಬಂತು. ಹೊರದಾರಿ ಮುಚ್ಚಿದ್ದವರ ದೇಹದಲ್ಲಿ ಔಷಧ ಕಾದು ಕೂತಿತ್ತು, ಪಂಜರದ ಬಾಗಿಲು ತೆರೆದಿತ್ತು.

ಈ ಒರೆಗಲ್ಲಿಗೆ ಉಜ್ಜಿ ನೋಡಿದರೆ, ಮನುಷ್ಯರವರೆಗೆ ಬಂದ ಶೋಧಕ ಕಣಗಳು ಯಾವುವು ಎಂಬುದು ಅರ್ಥವಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಉಲ್ರಿಕ್ ವೀಸ್ನರ್ ಮಾಡಿದ ಸಿಲಿಕಾ ಕಣವೊಂದಿದೆ, ಅಗಲ 6ರಿಂದ 7 ನ್ಯಾನೊಮೀಟರ್. ಹೊಟ್ಟೆಯಲ್ಲಿ ಬೆಳಕು ಸೂಸುವ ಬಣ್ಣ, ಮೈಮೇಲೆ ವಿಕಿರಣದ ಅಯೋಡಿನ್, ಜೊತೆಗೆ ಗೆಡ್ಡೆಯ ಕೋಶವನ್ನು ಹುಡುಕುವ ಪುಟ್ಟ ಪೆಪ್ಟೈಡ್. ಪೆಟ್ ಯಂತ್ರಕ್ಕೂ ಬೆಳಕಿನ ಕ್ಯಾಮೆರಾಕ್ಕೂ ಕಾಣುವ ಈ ಕಣವನ್ನು ನ್ಯೂಯಾರ್ಕಿನ ಮಿಶೆಲ್ ಬ್ರಾಡ್‌ಬರಿ ಮತ್ತು ಸಂಗಡಿಗರು ಚರ್ಮದ ಕ್ಯಾನ್ಸರ್ ಹರಡಿದ್ದ ಐವರು ರೋಗಿಗಳಿಗೆ ಕೊಟ್ಟು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಣದ ಬಹುಪಾಲು ಮೂತ್ರದಲ್ಲಿ ಹೊರಬಂತು, ಕಣದಿಂದ ಯಾರಿಗೂ ತೊಂದರೆ ಕಾಣಲಿಲ್ಲ. ಫ್ರಾನ್ಸಿನಲ್ಲಿ 5 ನ್ಯಾನೊಮೀಟರಿಗಿಂತ ಚಿಕ್ಕ ಗ್ಯಾಡೊಲಿನಿಯಂ ಕಣವನ್ನು ಮಿದುಳಿಗೆ ಕ್ಯಾನ್ಸರ್ ಹರಡಿದ್ದ 15 ರೋಗಿಗಳಲ್ಲಿ ಪರೀಕ್ಷಿಸಿದರು. ಎಂ.ಆರ್.ಐ.ಗೂ ಅದು ಕಾಣುತ್ತದೆ, ವಿಕಿರಣ ಚಿಕಿತ್ಸೆಯ ಹೊಡೆತವನ್ನೂ ಗೆಡ್ಡೆಯಲ್ಲಿ ಹೆಚ್ಚಿಸುವಂತೆ ರೂಪಿಸಿದ್ದು.

ಆದರೆ ದಿನನಿತ್ಯದ ಶಸ್ತ್ರಚಿಕಿತ್ಸೆಗೆ ಎಲ್ಲಕ್ಕಿಂತ ಹತ್ತಿರ ಬಂದದ್ದು ಬಹಳ ಸಾಮಾನ್ಯವಾದ ಒಂದು ಕಣ. ಸ್ತನದ ಕ್ಯಾನ್ಸರಿನಲ್ಲಿ ರೋಗ ಮೊದಲು ಹರಡುವುದು ಕಂಕುಳಿನ ಯಾವ ದುಗ್ಧಗ್ರಂಥಿಗೆ ಎಂದು ಹುಡುಕಿ ಅದೊಂದನ್ನೇ ತೆಗೆದು ಪರೀಕ್ಷಿಸಿದರೆ, ಅಲ್ಲಿ ರೋಗವಿಲ್ಲದಿದ್ದಾಗ ಉಳಿದ ಗ್ರಂಥಿಗಳನ್ನು ಮುಟ್ಟಬೇಕಿಲ್ಲ, ಕೈ ಬಾತುಕೊಂಡು ಜೀವನಪೂರ್ತಿ ನರಳುವ ಕಷ್ಟ ತಪ್ಪುತ್ತದೆ. ಇದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ವಿಕಿರಣದ ಟೆಕ್ನೀಷಿಯಂ ಕಣ, ನೀಲಿ ಬಣ್ಣ ಎರಡನ್ನೂ ಬಳಸುತ್ತಾರೆ. ನೆದರ್ಲೆಂಡ್ಸ್‌ನ ಕ್ಯಾನ್ಸರ್ ಸಂಸ್ಥೆಯವರು ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿನ ನ್ಯಾನೊಕಣಕ್ಕೆ ಟೆಕ್ನೀಷಿಯಮ್ಮನ್ನೂ ಐ.ಸಿ.ಜಿ. ಎಂಬ ಹಸಿರು ಬಣ್ಣವನ್ನೂ ಸೇರಿಸಿ ಒಂದೇ ಮಾಡಿದರು. ವಿಕಿರಣದಿಂದ ಗ್ರಂಥಿ ಯಾವ ಭಾಗದಲ್ಲಿದೆ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಯುತ್ತದೆ. ಕತ್ತಿ ಹಿಡಿದಾಗ ಅದೇ ಗ್ರಂಥಿ ಕ್ಯಾಮೆರಾದಲ್ಲಿ ಹೊಳೆಯುತ್ತದೆ. ಟೆಕ್ನೀಷಿಯಂ ಆರು ಗಂಟೆಗೆ ಅರ್ಧವಾಗುತ್ತದೆ, ಆಲ್ಬುಮಿನ್ನನ್ನು ದೇಹ ತನ್ನದೆಂಬಂತೆ ಜೀರ್ಣಿಸಿಕೊಳ್ಳುತ್ತದೆ. ಪ್ರಾಸ್ಟೇಟ್ ಗ್ರಂಥಿ, ಚರ್ಮ, ಬಾಯಿಯ ಕ್ಯಾನ್ಸರ್‌ಗಳಲ್ಲಿ ನೂರಾರು ರೋಗಿಗಳಿಗೆ ಇದನ್ನು ಬಳಸಲಾಗಿದೆ. ಬಾಯಿ ಕ್ಯಾನ್ಸರ್ ಇಷ್ಟೊಂದು ಇರುವ ನಮ್ಮ ದೇಶಕ್ಕೆ, ಐದು ಯಂತ್ರಗಳಿಗೆ ಕಾಣುವ ಚಿನ್ನದ ಕಣಕ್ಕಿಂತ ಎರಡು ಯಂತ್ರಗಳಿಗೆ ಕಂಡು ತಾನಾಗಿ ಕರಗಿಹೋಗುವ ಇಂಥ ಕಣ ಮೊದಲು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ವಿಷಯ ಮಾತಾಡಿದಲ್ಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: ನಮ್ಮ ಸ್ವರ್ಣಭಸ್ಮವೂ ನ್ಯಾನೊ ಚಿನ್ನವೇ ಅಲ್ಲವೇ? ಪುಟ ಕೊಟ್ಟು ಸಿದ್ಧಪಡಿಸಿದ ಭಸ್ಮದಲ್ಲಿ ನ್ಯಾನೊ ಗಾತ್ರದ ಚಿನ್ನದ ಹರಳುಗಳು ಇರುವುದನ್ನು ಅಧ್ಯಯನಗಳು ತೋರಿಸಿವೆ, ಅದು ನಿಜ. ಆದರೆ ಅಲ್ಲಿ ಕಣಗಳು ಹೆಪ್ಪುಗಟ್ಟಿ ದೊಡ್ಡ ಗಂಟುಗಳಾಗಿರುತ್ತವೆ, ಬಾಯಿಯ ಮೂಲಕ ಹೋಗುತ್ತವೆ. ಶೋಧಕ ಕಣ ಎನಿಸಿಕೊಳ್ಳಲು ಪ್ರತಿ ಕಣದ ಗಾತ್ರ ಒಂದೇ ಆಗಿರಬೇಕು, ಮೈಮೇಲೆ ಏನಿದೆ ಎಂದು ಗೊತ್ತಿರಬೇಕು, ಎಷ್ಟು ಹೋಯಿತು ಎಷ್ಟು ಬಂತು ಎಂದು ಅಳೆದಿರಬೇಕು. ಚಿನ್ನ ಎಂಬ ಒಂದು ಹೆಸರಿನ ಬಲದಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಚಿನ್ನದ ನ್ಯಾನೊಕಣವಿರುವ ಯಾವ ಸ್ಕ್ಯಾನ್ ಇಂಜೆಕ್ಷನ್ನೂ ಇವತ್ತು ಆಸ್ಪತ್ರೆಗಳ ದಿನಬಳಕೆಯಲ್ಲಿಲ್ಲ. ಇರುವುದು ಸಿ.ಟಿ.ಗೆ ಅಯೋಡಿನ್, ಎಂ.ಆರ್.ಐ.ಗೆ ಗ್ಯಾಡೊಲಿನಿಯಂ. ನಿಮಗೋ ಮನೆಯವರಿಗೋ ಕಾಂಟ್ರಾಸ್ಟ್ ಹಾಕಿ ಸ್ಕ್ಯಾನ್ ಮಾಡಿಸಬೇಕೆಂದು ಬರೆದುಕೊಟ್ಟರೆ, ಹಿಂದಿನ ಸ್ಕ್ಯಾನ್‌ಗಳ ಫಿಲ್ಮ್ ಮತ್ತು ವರದಿಗಳನ್ನು ಜೊತೆಗೆ ಒಯ್ಯಿರಿ, ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇದ್ದರೆ ಮುಂಚೆಯೇ ಹೇಳಿ, ಕ್ರಿಯಾಟಿನಿನ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ನಾಳೆ ಯಾರಾದರೂ ನ್ಯಾನೊ ಎಂಬ ಹೆಸರು ಹೇಳಿಕೊಂಡು ಹೊಸ ಇಂಜೆಕ್ಷನ್ ತಂದರೆ, ಒಳಗೆ ಎಷ್ಟು ಹೋಗುತ್ತದೆ, ಎಷ್ಟು ದಿನದಲ್ಲಿ, ಯಾವ ದಾರಿಯಿಂದ ಹೊರಬರುತ್ತದೆ ಎಂದು ಕೇಳಿ.